ಗಾಂಜಾ ಮದ್ದೇ? ಉದುರಿಹೋದ ಒಂದು ಪ್ರಶ್ನೆ ಚಿಹ್ನೆ

2018ರ ಹೋಳಿ ಹಬ್ಬದ ಮರುದಿನ ನಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ‘ಕಿವಿ ಮೊರೆತಕ್ಕೆ ಗಾಂಜಾವೇ ಮದ್ದು’ ಎಂಬ ತಲೆಬರಹ ಪ್ರಕಟವಾಯಿತು. ಅದರ ಕೆಳಗಿನ ವರದಿ ನಾನು ಬರೆದದ್ದು. ಹೈದರಾಬಾದಿನಿಂದ ನಾನು ಕಳಿಸಿದ ತಲೆಬರಹ ‘ಕಿವಿ ಮೊರೆತಕ್ಕೆ ಗಾಂಜಾ ಮದ್ದೇ?’ ಎಂದಿತ್ತು. ಮದ್ದೆಂದು ನಂಬಲು ಪುರಾವೆ ಇಲ್ಲ ಎಂಬುದು ವರದಿಯ ಸಾರ.

ಈ ವೃತ್ತಿಗೆ ಹೊಸದಾಗಿ ಬಂದವರು ನನ್ನನ್ನು ಕಂಡಾಗ ತೆಲಂಗಾಣ ಚಳವಳಿಯ ದಿನಗಳನ್ನು ಕೇಳುತ್ತಾರೆ, ಬಾಂಬ್ ಸ್ಫೋಟಗಳನ್ನು ಕೇಳುತ್ತಾರೆ. ಅವನ್ನು ನೂರು ಜನ ಬರೆದಿದ್ದಾರೆ. ನಾನು ಈ ತಲೆಬರಹದ ಸಂಗತಿ ಹೇಳುತ್ತೇನೆ. ಸ್ಫೋಟದ ದಿನಗಳಲ್ಲೂ ನಾನು ಅಷ್ಟು ಚಡಪಡಿಸಿರಲಿಲ್ಲ.

ಪತ್ರಿಕೆ ಅಚ್ಚಾಗುತ್ತಿದ್ದುದು ಕಲಬುರಗಿಯಲ್ಲಿ. ಬಂಡಲುಗಳು ಬಸ್ಸಿನಲ್ಲಿ ಹೊರಟು ಬೆಳಿಗ್ಗೆ ಹೈದರಾಬಾದಿನ ದೊಡ್ಡ ಬಸ್ ನಿಲ್ದಾಣ ಸೇರುತ್ತಿದ್ದವು. ಇಲ್ಲಿ ಅದನ್ನು ಓದುತ್ತಿದ್ದವರು ರಾಯಚೂರು, ಬೀದರ್, ವಿಜಯಪುರ ಕಡೆಯಿಂದ ಬಂದು ನೆಲೆಸಿದ ಮನೆತನದವರು: ರೈಲ್ವೆಯವರು, ಬ್ಯಾಂಕಿನವರು, ಅಡತ್ತಿ ಅಂಗಡಿಯವರು, ಬಸ್ ಓಡಿಸುವವರು. ಹೊರಗೆ ದಿನವಿಡೀ ತೆಲುಗು, ಹಿಂದಿ ಮಾತಾಡಿ, ಮನೆಯಲ್ಲಿ ಚಹಾದ ಜೊತೆ ಕನ್ನಡ ಓದುವವರು. ಸಿಕಂದರಾಬಾದ್ ಸ್ಟೇಷನ್ ಹತ್ತಿರದ ಒಂದು ಕೋಣೆ ನಮ್ಮ ಕಚೇರಿ. ಅದರ ವರದಿಗಾರ್ತಿಯೂ ನಾನೇ, ಬೀಗ ತೆಗೆಯುವವಳೂ ನಾನೇ.

ಮೊದಮೊದಲು ವರದಿಯನ್ನು ಲಕೋಟೆಯಲ್ಲಿ ಹಾಕಿ ಕಲಬುರಗಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ಆಮೇಲೆ ಫ್ಯಾಕ್ಸ್ ಬಂತು. ಫ್ಯಾಕ್ಸಿನಲ್ಲಿ ಅಕ್ಷರ ಕಲೆಸಿಹೋಗುತ್ತಿತ್ತು. ‘ಮೂಸಿ ದಂಡೆಯ ಗುಡಿಸಲುಗಳ ತೆರವು’ ಎಂದು ಇಲ್ಲಿನ ಮೂಸಿ ನದಿಯ ಬಗ್ಗೆ ನಾನು ಬರೆದದ್ದು ‘ಮೀಸೆ ದಂಡೆಯ ಗುಡಿಸಲುಗಳ ತೆರವು’ ಎಂದು ಅಚ್ಚಾಯಿತು. “ಯಾರ ಮೀಸಿ ದಂಡ್ಯಾಗ ಗುಡಿಸಲಾ ಹಾಕ್ಯಾರ್ರೀ?” ಎಂದು ವಾರವಿಡೀ ಫೋನ್ ಬಂದವು. ತುರ್ತು ಸುದ್ದಿಯನ್ನು ಫೋನಿನಲ್ಲೇ ಓದಿ ಹೇಳಬೇಕಿತ್ತು. ಆಗ ಚಿಹ್ನೆಗಳನ್ನೂ ಬಾಯಿಬಿಟ್ಟು ಹೇಳುತ್ತಿದ್ದೆವು. ‘ಅಲ್ಪವಿರಾಮ’ ಎಂದು ನಾನು ಇಲ್ಲಿಂದ, ‘ಅಲ್ಪವಿರಾಮ’ ಎಂದು ಅವರು ಅಲ್ಲಿಂದ. ಆ ಕಾಲದಲ್ಲಿ ನನ್ನ ಒಂದೇ ಒಂದು ಪ್ರಶ್ನೆ ಚಿಹ್ನೆಯೂ ಕಳೆದುಹೋಗಲಿಲ್ಲ. ಇ-ಮೇಲ್ ಬಂದ ಮೇಲೆ ಬಾಯಿಬಿಟ್ಟು ಹೇಳುವವರು ಇಲ್ಲವಾದರು.

ಕಲಬುರಗಿ ಡೆಸ್ಕಿನ ಮುಖ್ಯಸ್ಥರು ದೇಶಮುಖ ಸರ್. ಅಚ್ಚಿನ ಮಷೀನಿನ ಪಕ್ಕದ ಕೋಣೆಯಲ್ಲೇ ಅವರ ವೃತ್ತಿಜೀವನವೆಲ್ಲ ಕಳೆದಿತ್ತು. ಹೊಗಳುವ ಅಭ್ಯಾಸ ಇರಲಿಲ್ಲ. “ವರದಿಗಾರರಿಗೆ ಎಲ್ಲಾ ಗೊತ್ತಿರ್ತದ, ಪುಟದಾಗ ಜಾಗ ಎಷ್ಟದ ಅಂಬೋದು ಒಂದು ಬಿಟ್ಟು” ಎನ್ನುತ್ತಿದ್ದರು. ಉದ್ದದ ತಲೆಬರಹ ಕಳಿಸಿದರೆ ಬೈಗುಳ ಖಾತ್ರಿ. “ತಲೆಬರಹ ಅಂದ್ರ ಪಟಕಾ ಇದ್ದಂಗ್ರೀ. ತಲಿಗಿಂತ ದೊಡ್ಡದು ಸುತ್ತಿದ್ರ ಕಣ್ಣ ಮುಚ್ತದ.” ಅವರ ಕೈಕೆಳಗೆ ಕೆಲಸ ಕಲಿತವರು ಯಾರೂ ಸಡಿಲ ವಾಕ್ಯ ಬರೆಯಲಿಲ್ಲ. ನಾನೂ ಅವರಲ್ಲಿ ಒಬ್ಬಳು.

ಗಾಂಜಾ ವರದಿ ಹುಟ್ಟಿದ್ದು ಓದುಗರ ಫೋನುಗಳಿಂದ. ಆ ಚಳಿಗಾಲದಲ್ಲಿ ಎಲ್ಲರ ಮೊಬೈಲಿಗೂ ಎಣ್ಣೆಯ ಜಾಹೀರಾತು ಬರುತ್ತಿತ್ತು. ಗಾಂಜಾ ಗಿಡದ ಎಣ್ಣೆ, ನಿದ್ದೆಗೆ ಒಳ್ಳೆಯದು, ನೋವಿಗೆ ಒಳ್ಳೆಯದು, ಕಿವಿಯ ಗುಂಯ್‌ಗುಡುವಿಕೆಗೂ ಒಳ್ಳೆಯದು. “ಖರೇ ಏನ್ರಿ?” ಎಂದು ಕೇಳುವವರು ಹೆಚ್ಚಾದರು. ನಮ್ಮ ಕಡೆ ಹಳ್ಳಿಗಳಲ್ಲಿ ಭಂಗಿ, ಅಂದರೆ ಗಾಂಜಾ, ಸೇದುವ ಹಿರಿಯರನ್ನು ಕಂಡವರಿಗೆ ಅದು ಹೊಸ ವಸ್ತುವೂ ಅಲ್ಲ. ಕಿವಿ ಮೊರೆತ ಎಷ್ಟು ಜನರಿಗಿದೆ ಎಂಬುದು ನನಗೆ ತಿಳಿದದ್ದೇ ಆಗ. ಹೊರಗೆ ಸದ್ದಿಲ್ಲದಿದ್ದರೂ ಕಿವಿಯೊಳಗೆ ಸದ್ದು ಕೇಳುವ ತೊಂದರೆ ಅದು. ಇರುವವರು ಹೇಳಿಕೊಳ್ಳುವುದಿಲ್ಲ. ಹೇಳಿಕೊಂಡರೆ ಬೇರೆಯವರಿಗೆ ಕೇಳಿಸುವುದಿಲ್ಲ.

ಸಿಕಂದರಾಬಾದಿನಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯೆ ಡಾ. ಫಾತಿಮಾ ಇದ್ದರು. ಬೀದರ್ ಕಡೆಯವರು. ಅವರ ಮುಂದೆ ಹೋಗಿ ಕುಳಿತೆ.

“ಸಾಫ್ ಹೇಳ್ತೀನಿ, ಬರ್ಕೊಳ್ರಿ” ಎಂದರು. “ಮೊರೆತ ಅನ್ನೋದು ರೋಗ ಅಲ್ಲ, ಲಕ್ಷಣ. ಕಿವ್ಯಾಗ ಗುಗ್ಗಿ ತುಂಬಿರಬಹುದು. ಭಾರಿ ಸಪ್ಪಳದಾಗ ವರ್ಷಗಟ್ಟಲೆ ದುಡಿದಿರಬಹುದು. ಯಾವುದೋ ಗುಳಿಗಿ ನುಂಗಿರಬಹುದು. ಮೊದ್ಲ ಅದನ್ನ ಹುಡುಕಬೇಕು.”

“ಗಾಂಜಾ?”

“ಪುರಾವೆ ಇಲ್ಲ. ಪ್ರಾಣಿಗಳ ಮ್ಯಾಲ ಮಾಡಿದ ಕೆಲವು ಪ್ರಯೋಗದಾಗ ಮೊರೆತ ಜಾಸ್ತಿ ಆದಂಗ ಕಂಡದ್ದೂ ಅದ. ಮನುಷ್ಯಾರ ಮ್ಯಾಲ ನೆಟ್ಟಗ ಮಾಡಿದ ಪರೀಕ್ಷಾ ಭಾಳ ಕಮ್ಮಿ. ಸೇದಿದವ್ರಾಗ ಕೆಲವ್ರು ಹಗುರ ಆತು ಅಂತಾರ. ಕೆಲವ್ರು ಎದಿ ಬಡ್ಕೊಳ್ತದ, ಕಿವಿ ಇನ್ನಾ ಜೋರ್ ಕೂಗ್ತದ ಅಂತಾರ. ಇಷ್ಟರ ಮ್ಯಾಲ ದವಾ ಅಂತ ಹ್ಯಾಂಗ ಬರೀತೀರಿ?”

“ದವಾ ಅಂತ ಬರಿಯಂಗಿಲ್ಲ, ಡಾಕ್ಟರ್.”

“ಹಂಗಾದ್ರ ಪ್ರಶ್ನಾ ಯಾಕ ಹಾಕ್ತೀರಿ? ಅಲ್ಲ ಅಂತಲೇ ಬರೀರಿ.”

“ಜನ ಕೇಳಾಕತ್ತಿದ್ದು ಪ್ರಶ್ನೆನ. ಅವರ ಪ್ರಶ್ನೆ ಅವರ ಕಣ್ಣಿಗೆ ಬಿದ್ರ ಓದ್ತಾರ” ಎಂದೆ. ಅವರು ತಲೆಯಾಡಿಸಿದರು. ಒಪ್ಪಿ ಆಡಿಸಿದರೋ ಒಪ್ಪದೆಯೋ ಆಗ ವಿಚಾರಿಸಲಿಲ್ಲ.

ವರದಿಯಲ್ಲಿ ಕಾನೂನಿನ ಮಾತನ್ನೂ ಸೇರಿಸಿದೆ. ಗಾಂಜಾ ಇಟ್ಟುಕೊಳ್ಳುವುದು, ಸೇದುವುದು ಅಪರಾಧ. ಗಿಡದ ಎಲೆಯಿಂದ ಪರವಾನಗಿ ಪಡೆದು ಮಾಡುವ ಆಯುರ್ವೇದ ಔಷಧಗಳು ಬೇರೆ, ಅವಕ್ಕೂ ವೈದ್ಯರ ಚೀಟಿ ಬೇಕು. ಕಿವಿ ಮೊರೆತಕ್ಕೆ ಪರಿಣಾಮಕಾರಿ ಎಂದು ಸಾಬೀತಾದದ್ದು ಅವುಗಳಲ್ಲೂ ಇಲ್ಲ. ಇಷ್ಟು ಬರೆದು ಇ-ಮೇಲ್ ಮಾಡಿದೆ.

ಕಲಬುರಗಿಯಲ್ಲಿ ನಡೆದದ್ದನ್ನು ನಾನು ಆಮೇಲೆ ಒಂದೊಂದಾಗಿ ಕೇಳಿ ತಿಳಿದೆ. ನಾವು ಟೈಪ್ ಮಾಡುತ್ತಿದ್ದ ಅಕ್ಷರ ಬೇರೆ, ಪುಟ ಕಟ್ಟುವ ಕಂಪ್ಯೂಟರಿನ ಅಕ್ಷರ ಬೇರೆ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಚಿಹ್ನೆಗಳು ಉದುರುವುದಿತ್ತು. ಪ್ರಶ್ನೆ ಚಿಹ್ನೆ ಉದುರಿತು. ‘ಗಾಂಜಾ ಮದ್ದೇ’ ಎಂದು ಉಳಿಯಿತು. ಕನ್ನಡದಲ್ಲಿ ಆ ‘ಏ’ಗೆ ಎರಡು ಮುಖ. ಮುಂದೆ ಚಿಹ್ನೆ ಇದ್ದರೆ ಅದು ಕೇಳುತ್ತದೆ, ಚಿಹ್ನೆ ಬಿದ್ದರೆ ಒತ್ತಿ ಹೇಳುತ್ತದೆ. ಮದ್ದೇ ಎಂದರೆ ಮದ್ದು, ಸಂಶಯ ಬೇಡ ಎಂದಂತೆ. ಪುಟ ನೋಡಿದ ಉಪಸಂಪಾದಕರು ಅದನ್ನು ಹಾಗೆಯೇ ಓದಿಕೊಂಡರು. ವಾಕ್ಯ ಕುಂಟುತ್ತಿದೆ ಎನಿಸಿ, ಒತ್ತನ್ನು ಸರಿಯಾದ ಜಾಗಕ್ಕೆ ತಂದು ‘ಗಾಂಜಾವೇ ಮದ್ದು’ ಎಂದು ತಿದ್ದಿದರು. ವ್ಯಾಕರಣದ ಪ್ರಕಾರ ಅವರು ಮಾಡಿದ್ದು ಸುಧಾರಣೆ. ಕಡೆಗೆ ಪುಟ ದೇಶಮುಖ ಸರ್ ಕಣ್ಣೆದುರು ಹಾದು ಅಚ್ಚಿಗೆ ಹೋಯಿತು.

ಬೆಳಿಗ್ಗೆ ಕೂಕಟ್‌ಪಲ್ಲಿಯ ಮನೆಯಲ್ಲಿ ಪತ್ರಿಕೆ ಬಿಡಿಸಿದೆ. ತಲೆಬರಹ ಓದಿ ಎದ್ದು ನಿಂತೆ. ಕಲಬುರಗಿಗೆ ಫೋನ್ ಮಾಡಿದೆ, ಡೆಸ್ಕಿಗೆ ಇನ್ನೂ ಯಾರೂ ಬಂದಿರಲಿಲ್ಲ. ಅಡುಗೆಮನೆಗೆ ಹೋದೆ, ವಾಪಸ್ ಬಂದೆ, ಮತ್ತೆ ಮಾಡಿದೆ. ಅಷ್ಟರಲ್ಲಿ ನನ್ನ ಫೋನೇ ಹೊಡೆದುಕೊಂಡಿತು.

“ಪೇಪರ್‌ನ ಅಕ್ಕಾರೇನ್ರಿ? ನಂಬರ್ ಕನ್ನಡ ಸಂಘದಾಗ ಇಸ್ಕೊಂಡೆ. ಉಪ್ಪಲ್‌ನಿಂದ ಮಾತಾಡಾಕತ್ತೀನ್ರಿ, ಮಹಾದೇವಿ ಅಂತ. ನಮ್ಮ ಮನಿಯವ್ರು ಸಿಟಿ ಬಸ್ ಡ್ರೈವರ್ ಅದಾರ.”

“ಹೇಳ್ರಿ.”

“ನೀವು ಬರ್ದದ್ದು ಖರೇ ಏನ್ರಿ? ಗಾಂಜಾನ ಮದ್ದು ಅಂತ?”

“ಅಲ್ರಿ. ತಲೆಬರಹ ತಪ್ಪು ಬಂದೈತಿ.”

ಆ ಕಡೆ ಉಸಿರು ಬಿಟ್ಟ ಸದ್ದು ಕೇಳಿಸಿತು. ಮಹಾದೇವಿ ದನಿ ಇಳಿಸಿದರು. “ಹಬ್ಬಕ್ಕ ಬಂದಾಗ ನನ್ನ ತಮ್ಮ ಊರಾಗಿಂದ ಪುಡಕಿ ಕಟ್ಕೊಂಡು ಬಂದು ಕೊಟ್ಟಾನ್ರಿ. ಭಂಗಿ. ಇವ್ರು ಮುಟ್ಟಿದ್ದಿಲ್ಲ, ಹೆದರಿಕಿ ಇತ್ತು. ಇವತ್ತ ನಿಮ್ಮ ಪೇಪರ್ ಬಂತು. ಪೇಪರ್‌ನ್ಯಾಗ ಹಾಕ್ಯಾರ, ಇನ್ನೇನ ಬೇಕು ಅಂತಾರ. ಇವತ್ತ ಸಂಜಿಗೆ ಸೇದತಾರಂತ. ನಾಳೆ ಡ್ಯೂಟಿ ಐತ್ರಿ.”

ಕೂಕಟ್‌ಪಲ್ಲಿಯಲ್ಲಿ ಮೆಟ್ರೊ ಹತ್ತಿ, ಅಮೀರ್‌ಪೇಟೆಯಲ್ಲಿ ಬದಲಿಸಿ ಉಪ್ಪಲ್‌ಗೆ ಹೋದೆ. ಮೆಟ್ರೊ ಆಗಿನ್ನೂ ಹೊಸದು. ಎದುರು ಕುಳಿತವರ ಅಂಗಿಯ ಮೇಲೆ ತೊಳೆದರೂ ಹೋಗದ ಹೋಳಿ ಬಣ್ಣವಿತ್ತು. ಖಾಲಿ ಸೀಟಿದ್ದರೂ ನಾನು ಬಾಗಿಲ ಬಳಿ ನಿಂತೇ ಹೋದೆ.

ಚಿಕ್ಕ ಮನೆ. ಒಳಗೆ ಟೇಬಲ್ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಅದರ ಜಾಲರಿ ಸಡಿಲವಾಗಿ ಕಟಕಟ ಅನ್ನುತ್ತಿತ್ತು. ಮಹಾದೇವಿ ಸೆರಗಿನ ಮೇಲೊಂದು ಶಾಲು ಹೊದ್ದಿದ್ದರು. “ಥಂಡಿ ಇರ್ಲಿ, ಮಳಿ ಇರ್ಲಿ, ಇದು ತಿರಗಾಕ ಬೇಕು. ಬಂದ್ ಮಾಡಿದ್ರ ಕಿವಿ ಕೂಗ್ತೈತಂತ” ಎಂದು ಗಂಡನ ಕಡೆ ಕೈ ತೋರಿಸಿದರು.

ರಾಚಪ್ಪನವರು ರಾಯಚೂರು ಕಡೆಯವರು. ಎತ್ತರದ ಆಳು. ನಾನು ಬಲಗಡೆ ಕುಳಿತುಕೊಳ್ಳುವಂತೆ ಕುರ್ಚಿ ಸರಿಸಿದರು. ಹಳೆಯ ಬಸ್ಸುಗಳಲ್ಲಿ ಎಂಜಿನ್ ಚಾಲಕನ ಎಡಕ್ಕೆ ಇರುತ್ತದೆ. “ಅದರ ಬಾಜೂಕ ಕುಂತು ಕುಂತು ಈ ಕಡಿ ಕಿವಿ ಹಿಂಗ ಆತ್ರಿ” ಎಂದರು.

“ಹೆಂಗ ಕೇಳ್ತೈತಿ?”

“ಕುಕ್ಕರ್ ಸೀಟಿ ಹೊಡ್ಯೂಕಿಂತ ಮೊದ್ಲ ಸುಸ್ ಅಂತೈತಲ್ರಿ, ಹಂಗ. ಆದ್ರ ಸೀಟಿ ಹೊಡ್ಯಂಗಿಲ್ಲ. ಈಗ ಹೊಡಿತೈತಿ, ಈಗ ಹೊಡಿತೈತಿ ಅಂತ ಕಾಯಾಕತ್ತೀನಿ. ಹೊಡ್ಯಂಗನ ಇಲ್ಲ.”

“ಊರಾಗ ಇವರ ಕಾಕಾ ಏನ ಅಂತಾರ ಹೇಳ್ರಿ” ಎಂದರು ಮಹಾದೇವಿ.

“ಅಂವ ಮಠದ ಮನಿಶ್ಯಾ. ಇದು ನಾದ ಅಂತ, ಪುಣ್ಯವಂತರಿಗಷ್ಟ ಕೇಳ್ತೈತಂತ. ಆ ಪುಣ್ಯ ನೀನ ಇಟ್ಕೋ, ನನಗ ನಿದ್ದಿ ಕೊಡು ಅಂದೆ.” ರಾಚಪ್ಪನವರು ತಾವೇ ನಕ್ಕರು. ನಗು ಬೇಗ ನಿಂತಿತು. ಪುಡಕೆ ದೇವರ ಜಗಲಿಯ ಮೇಲಿತ್ತು, ಹಳೆಯ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ್ದು. ಪಕ್ಕದಲ್ಲಿ ಅಂದಿನ ಆರೋಗ್ಯ ಪುಟ, ನಾಲ್ಕು ಮಡಿಕೆ ಮಾಡಿದ್ದು.

“ಡಾಕ್ಟರ್‌ಗೆ ತೋರ್ಸೀರೇನು?”

ಅವರು ಹೆಂಡತಿಯ ಮುಖ ನೋಡಿದರು. ಉತ್ತರ ಕೊಟ್ಟದ್ದು ಮಹಾದೇವಿ. “ಅಲ್ಲಿ ಕಿವಿಗೆ ಮಷೀನ್ ಹಚ್ತಾರಂತ. ಕಮ್ಮಿ ಕೇಳ್ತೈತಿ ಅಂತ ಬರ್ದ್ರ ಡಿಪೋಕ್ಕ ಗೊತ್ತಾಗ್ತೈತಿ. ಸ್ಟೇರಿಂಗ್ ಕಸ್ಕೊಂತಾರ. ಅದಕ್ಕ ಹೋಗವಲ್ರು.”

“ಸ್ಟೇರಿಂಗ್ ಬಿಟ್ಟು ನನಗ ಮತ್ತೇನೂ ಬರಂಗಿಲ್ರಿ” ಎಂದರು ರಾಚಪ್ಪ. “ಇದಾದ್ರ ಯಾರಿಗೂ ಗೊತ್ತಾಗಂಗಿಲ್ಲ. ಡಿಪೋ ಗೇಟಿನ್ಯಾಗ ದಿನಾ ಬಾಯಿ ಊದಸ್ತಾರ. ಅದ್ರಾಗ ಸೆರೆ ಕುಡದದ್ದು ಹತ್ತತೈತಿ, ಭಂಗಿ ಹತ್ತಂಗಿಲ್ಲಂತ.”

“ಬಸ್ಸಿನ್ಯಾಗ ಮಂದಿ ಇರ್ತಾರಲ್ರಿ.”

“ಕಿವಿ ಹಿಂಗ ಇದ್ರೂ ಇರ್ತಾರ್ರಿ. ನಿದ್ದಿಲ್ಲದ ಹೊಡಿಯಾಕತ್ತೀನಲ್ಲ ಈಗ?”

ನಾನು ಪುಟ ಬಿಡಿಸಿ ವರದಿಯನ್ನು ಜೋರಾಗಿ ಓದಿದೆ. ವೈದ್ಯೆಯ ಮಾತು, ಕಾನೂನಿನ ಮಾತು, ಎಲ್ಲವನ್ನೂ. ಅವರು ಬಲಗಿವಿ ಕೊಟ್ಟು ಪೂರ್ತಿ ಕೇಳಿದರು.

“ಇದು ಸಣ್ಣ ಅಕ್ಷರದಾಗ ಐತಿ” ಎಂದರು. “ದೊಡ್ಡ ಅಕ್ಷರದಾಗ ಮದ್ದು ಅಂತ ಐತಿ. ಬರ್ದವ್ರೂ ನೀವ, ಅಲ್ಲ ಅನ್ನವ್ರೂ ನೀವ. ಅಕ್ಕಾರ, ಮುಂದ ಬೋರ್ಡಿನ್ಯಾಗ ಉಪ್ಪಲ್ ಅಂತ ಹಾಕಿ ನಾ ಕೂಕಟ್‌ಪಲ್ಲಿಗೆ ಒಯ್ದ್ರ ಮಂದಿ ನನ್ನ ಬಿಡ್ತಾರೇನ್ರಿ?”

ಬೋರ್ಡು ಬೇರೆಯವರು ಬದಲಿಸಿದ್ದು ಎಂದು ಹೇಳಲು ಹೊರಟೆ. ಹೇಳಲಿಲ್ಲ. ಬಸ್ಸಿನಲ್ಲಿ ಕುಳಿತವರಿಗೆ ಅದರಿಂದ ಏನು?

ಕೊನೆಗೆ ಅವರೇ ಒಂದು ಮಾತು ಇಟ್ಟರು. “ನಾಳೆ ಪೇಪರ್‌ನ್ಯಾಗ ಇಷ್ಟ ದೊಡ್ಡ ಅಕ್ಷರದಾಗ ಅಲ್ಲ ಅಂತ ಹಾಕ್ರಿ. ನಾ ಓದ್ತೀನಿ. ಓದಿದ್ರ ಪುಡಕಿ ಮುಟ್ಟಂಗಿಲ್ಲ.”

“ಅಲ್ಲಿತನಾ?”

“ಅಲ್ಲಿತನಾನೂ ಮುಟ್ಟಂಗಿಲ್ಲ. ನಾಳೆ ಮಧ್ಯಾಹ್ನ ಡ್ಯೂಟಿ. ಹೊಂಡೂದ್ರೊಳಗ ಬರಬೇಕು. ಬರಲಿಲ್ಲ ಅಂದ್ರ ಇವತ್ತ ಬಂದದ್ದ ಖರೇ ಅಂತ ತಿಳೀತೀನಿ.”

ಮೆಟ್ಟಿಲವರೆಗೆ ಬಂದ ಮಹಾದೇವಿ ನನ್ನ ಕೈ ಹಿಡಿದರು. “ಡಿಪೋಕ್ಕ ಹೇಳಬ್ಯಾಡ್ರಿ, ಅಕ್ಕಾ.”

“ಸೇದಿ ಬಸ್ ಹತ್ತಿದ್ರ ಹೇಳ್ತೀನಿ.”

“ಹಂಗೇನರ ಆದ್ರ ನಿಮಗಿಂತ ಮೊದ್ಲ ನಾನ ಹೇಳ್ತೀನಿ” ಎಂದು ಮೇಲೆ ಹೋದರು.

ಉಪ್ಪಲ್ ಮೆಟ್ರೊ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ದೇಶಮುಖ ಸರ್‌ಗೆ ಫೋನ್ ಮಾಡಿದೆ. ಅವರು ಆಗಷ್ಟೇ ಡೆಸ್ಕಿಗೆ ಬಂದಿದ್ದರು.

“ಚಿಹ್ನೆ ಒಂದು ಬಿದ್ದದ ಅಂತ ತಿದ್ದುಪಡಿ ಹಾಕ್ಲಾಕತ್ರ ದಿನಾ ಒಂದು ಪುಟ ಅದಕ್ಕೇ ಬೇಕಾಗ್ತದ.”

“ಸರ್, ಅರ್ಥನ ತಿರುಗೈತಿ.”

“ಮುಂದಿನ ವಾರ ಆರೋಗ್ಯ ಪುಟದಾಗ, ಕೆಳಗ ಹಾಕೋಣು.”

“ನಾಳೆ ಬೇಕು. ಮೊ—” ರೈಲು ಬಂತು. ಅದು ಹೋದ ಮೇಲೆ ಮತ್ತೆ ಹೇಳಿದೆ. “ಮೊದಲ ಪುಟದಾಗ ಬೇಕು, ಸರ್. ಅಷ್ಟ ದೊಡ್ಡ ಅಕ್ಷರದಾಗ.”

“ತಲಿ ನೆಟ್ಟಗದ ಇಲ್ಲ ನಿಮ್ಮದು? ತಿದ್ದುಪಡಿಗೆ ಮೊದಲ ಪುಟ ಕೊಟ್ಟದ್ದು ಎಲ್ಲ್ಯಾರ ನೋಡೀರಿ?”

ರಾಚಪ್ಪನವರ ವಿಷಯ ಹೇಳಿದೆ. ಹೆಸರು ಹೇಳಲಿಲ್ಲ. ಬಸ್ಸು, ಪುಡಕೆ, ನಾಳೆ ಮಧ್ಯಾಹ್ನದ ಡ್ಯೂಟಿ, ಅಷ್ಟನ್ನೇ ಹೇಳಿದೆ. ಆಮೇಲೆ, ಈ ತಲೆಬರಹವನ್ನು ಪುಟ ಬಿಡುವ ಮೊದಲು ಯಾರೂ ನೋಡಲಿಲ್ಲವೇ ಎಂದು ಕೇಳಿದೆ.

“ನಾ ನೋಡೀನಿ” ಎಂದರು.

“ನೋಡಿ ಬಿಟ್ರಾ ಸರ್?”

ಹಿನ್ನೆಲೆಯಲ್ಲಿ ಡೆಸ್ಕಿನ ಗದ್ದಲ ಕೇಳುತ್ತಿತ್ತು. “ನನಗೂ ಅದರೀ” ಎಂದರು.

“ಏನು?”

“ಕಿವಿ. ಇಷ್ಟು ವರ್ಷ ಮಷೀನ್ ಬಾಜೂಕೇ ಕುಂತವ ನಾ. ಮನ್ಯಾಗ ಯಾರಿಗೂ ಹೇಳಿಲ್ಲ. ಆ ತಲೆಬರಹ ಓದಿದೆ, ಛಲೋ ಅನಿಸ್ತು. ಒಳಗಿಂದು ಓದ್ಲೇ ಇಲ್ಲ, ಪುಟ ಬಿಟ್ಟೆ.”

ಇನ್ನೊಂದು ರೈಲು ಬಂದು ಹೋಯಿತು.

“ಎಷ್ಟು ಕಾಲಂ ಬೇಕು?” ಎಂದರು. ದನಿ ಮತ್ತೆ ಡೆಸ್ಕಿನ ದನಿಯಾಗಿತ್ತು.

“ಮೂರು.”

“ಹೇಳ್ರಿ. ಇ-ಮೇಲ್ ಬ್ಯಾಡ. ಬಾಯಿಲೇ ಹೇಳ್ರಿ.”

ಪ್ಲಾಟ್‌ಫಾರ್ಮಿನಲ್ಲಿ ನಿಂತೇ ಬಿಡಿಬಿಡಿಯಾಗಿ ಹೇಳಿದೆ. ಕಿವಿ ಮೊರೆತಕ್ಕೆ. ಗಾಂಜಾ. ಮದ್ದಲ್ಲ. ಅವರು ಒಂದೊಂದನ್ನೂ ತಿರುಗಿ ಹೇಳಿದರು. ಪಕ್ಕದಲ್ಲಿದ್ದ ಹೆಂಗಸು ನನ್ನನ್ನು ನೋಡಿ ತುಸು ದೂರ ಸರಿದಳು.

“ಕೊನೀಗೆ ‘ಏ’ ಇಲ್ಲ, ಸರ್.”

“ಏ ಇಲ್ಲ.”

“ಚಿಹ್ನೆ ಇಲ್ಲ.”

“ಚಿಹ್ನೆ ಅದ. ಪೂರ್ಣವಿರಾಮ.”

“ತಲೆಬರಹಕ್ಕೆ ಪೂರ್ಣವಿರಾಮ ಹಾಕಬಾರದು ಅಂತ ನೀವ ಕಲಿಸಿದ್ದು.”

“ನಾನೇ ಕಲಿಸೀನಿ. ಇವತ್ತ ಹಾಕ್ತೀನಿ” ಎಂದು ಫೋನ್ ಇಟ್ಟರು.

ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಬಂಡಲಿಗೆ ಕಾದೆ. ಕಲಬುರಗಿ ಬಸ್ಸು ಬರಲಿಲ್ಲ. ಜಹೀರಾಬಾದ್ ಹತ್ತಿರ ಟಯರ್ ಒಡೆದಿದೆ ಎಂದು ವಿಚಾರಣೆ ಕಿಟಕಿಯವರು ತೆಲುಗಿನಲ್ಲಿ ಹೇಳಿದರು. ಚಹಾ ತೆಗೆದುಕೊಂಡೆ, ಕುಡಿಯದೆ ಇಟ್ಟೆ. ಈ ಕಡೆಯಿಂದ ಆ ಕಡೆಗೆ ನಡೆದೆ. ಬೀದರ್ ಬಸ್ಸು ಬಂತು, ರಾಯಚೂರು ಬಸ್ಸು ಬಂತು, ಎಲ್ಲಿಂದಲೋ ತಪ್ಪಿ ಬಂದ ಮದುವೆ ದಿಬ್ಬಣದ ಬಸ್ಸೂ ಬಂತು.

ಮಹಾದೇವಿ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದರು. “ಬಂತೇನ್ರಿ?”

“ಇನ್ನೂ ಇಲ್ಲ.”

“ಖಾಕಿ ಹಾಕ್ಕೊಂಡು ಕುಂತಾರ್ರಿ. ಪುಡಕಿ ಜಗಲಿ ಮ್ಯಾಲಿಂದ ತಗದು ಮುಂದ ಇಟ್ಕೊಂಡಾರ.”

ದೇಶಮುಖ ಸರ್ ಪುಟದ ಫೋಟೊ ಕಳಿಸಿದರು. ಅದನ್ನು ಮಹಾದೇವಿಯ ಫೋನಿಗೆ ಕಳಿಸಿದೆ. ಕೂಡಲೇ ರಾಚಪ್ಪನವರೇ ಮಾತಾಡಿದರು. “ಫೋನಿನ್ಯಾಗ ಏನ ಬೇಕಾದ್ದು ಬರ್ತೈತ್ರಿ, ಅಕ್ಕಾರ. ಎಣ್ಣಿನೂ ಅದ್ರಾಗನ ಬಂದಿತ್ತು. ನನಗ ಕಾಗದದ ಮ್ಯಾಲ ಬೇಕು.”

ಬಸ್ಸು ಕೊನೆಗೂ ಬಂತು. ಏಜೆಂಟ್ ಬಂಡಲಿನ ಹಗ್ಗ ಬಿಚ್ಚುವ ಮೊದಲೇ ಅಂಚಿನಿಂದ ಒಂದು ಪ್ರತಿ ಎಳೆದುಕೊಂಡೆ. ಮೊದಲ ಪುಟದ ಕೆಳಭಾಗದಲ್ಲಿ, ಮೂರು ಕಾಲಂ ಅಗಲ: ‘ಕಿವಿ ಮೊರೆತಕ್ಕೆ ಗಾಂಜಾ ಮದ್ದಲ್ಲ.’ ಆಟೊ ಹಿಡಿದು ಉಪ್ಪಲ್ ಕಡೆ ಹೊರಟೆ. ದಾರಿಯುದ್ದಕ್ಕೂ ಪತ್ರಿಕೆಯನ್ನು ಮಡಿಸುವುದು, ಬಿಡಿಸುವುದು. ಆಟೊದವರು ಕನ್ನಡಿಯಲ್ಲಿ ನೋಡಿ, “ಏನಮ್ಮಾ, ಲಾಟರಿ ಹತ್ತಿತೇ?” ಎಂದು ತೆಲುಗಿನಲ್ಲಿ ಕೇಳಿದರು.

ರಾಚಪ್ಪನವರು ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಜೋರಾಗಿ ಓದಿದರು. ಹಿಂದಿನ ದಿನದ ಪುಟ ತಂದು ಪಕ್ಕಕ್ಕಿಟ್ಟು ಅಕ್ಷರದ ಎತ್ತರ ಹೋಲಿಸಿದರು. “ಇದಕ್ಕ ಚುಕ್ಕಿನೂ ಐತಿ” ಎಂದರು. ಆಮೇಲೆ ಪುಡಕೆಯನ್ನು ಹೆಂಡತಿಯ ಕಡೆ ಸರಿಸಿದರು.

ಮಹಾದೇವಿ ಅದನ್ನು ಪಾಯಖಾನೆಗೆ ಸುರಿದು ಬಕೆಟ್‌ಗಟ್ಟಲೆ ನೀರು ಹಾಕಿದರು. “ನಮ್ಮ ಕಡಿ ಮದ್ದು ಹಾಕೂದಂದ್ರ ಅರ್ಥನ ಬ್ಯಾರೆ. ಯಾರಿಗರ ಉಣಿಸಿ ಕೆಡಸೂದು. ಪೇಪರ್‌ನವ್ರು ಔಷಧ ಅಂತ ಬರಿಬಾರದೇನ್ರಿ?” ಎಂದು ಒಳಗಿನಿಂದಲೇ ಕೂಗಿದರು. ಮುಂದೆ ಆರೋಗ್ಯ ಪುಟಕ್ಕೆ ಬರೆದಾಗಲೆಲ್ಲ ನಾನು ‘ಔಷಧ’ ಎಂದೇ ಬರೆದೆ.

ಆ ದಿನ ರಾಚಪ್ಪನವರು ಡ್ಯೂಟಿಗೆ ಹೋಗಲಿಲ್ಲ. “ಪುಡಕಿ ಹೋತು, ಇನ್ನ ಡಾಕ್ಟರ್ ಒಬ್ಬರ ಉಳದಾರ” ಎಂದರು. ಮಾರನೆಯ ದಿನ ಮೂವರೂ ಡಾ. ಫಾತಿಮಾ ಅವರಲ್ಲಿಗೆ ಹೋದೆವು. ರಾಚಪ್ಪನವರನ್ನು ಗಾಜಿನ ಚಿಕ್ಕ ಕೋಣೆಯಲ್ಲಿ ಕೂರಿಸಿ, ಕಿವಿಗೆ ಯಂತ್ರ ಹಚ್ಚಿ, ಸದ್ದು ಕೇಳಿದಾಗ ಗುಂಡಿ ಒತ್ತಲು ಹೇಳಿದರು. ಸ್ವಲ್ಪ ಹೊತ್ತಾದ ಮೇಲೆ ಅವರು ಬಾಗಿಲು ತೆರೆದು ತಲೆ ಹೊರಹಾಕಿದರು.

“ಡಾಕ್ಟರ್ ಮೇಡಂ, ಇದು ನಿಮ್ಮ ಮಷೀನಿನ ಸಪ್ಪಳೇನ್ರಿ, ನಂದೇನ್ರಿ?”

ಡಾ. ಫಾತಿಮಾ ನಗಲಿಲ್ಲ. “ಅದನ್ನ ತಿಳ್ಕೊಳ್ಳಾಕ ಕುಂದ್ರಸೀನಿ. ಒಳಗ ಹೋಗ್ರಿ” ಎಂದರು.

ಎಡಗಿವಿ ಸಾಕಷ್ಟು ಹೋಗಿತ್ತು. ಬಲಗಿವಿಯೂ ಇಳಿಯತೊಡಗಿತ್ತು. ಮೊರೆತವನ್ನು ಪೂರ್ತಿ ತೆಗೆಯುವ ಗುಳಿಗೆ ಇಲ್ಲ ಎಂದು ವೈದ್ಯೆ ಹೇಳಿದರು. ಕೇಳಿಸುವ ಯಂತ್ರ ಹಾಕಿಕೊಂಡರೆ ಹೊರಗಿನ ಸದ್ದು ಸರಿಯಾಗಿ ಕಿವಿಗೆ ಬಿದ್ದು ಒಳಗಿನದು ಹಿಂದೆ ಸರಿಯಬಹುದು, ಮಲಗುವಾಗ ಫ್ಯಾನಿನ ಸದ್ದು ಇರಲಿ, ಸಣ್ಣಗೆ ರೇಡಿಯೊ ಇರಲಿ, ಸದ್ದಿಗೆ ಹೆದರದಂತೆ ಮನಸ್ಸನ್ನು ಒಗ್ಗಿಸಲು ಕಲಿಸುವವರಿದ್ದಾರೆ, ಅವರಲ್ಲಿಗೂ ಹೋಗಿ ಎಂದರು. ಹೊರಡುವಾಗ ನನ್ನನ್ನು ಹಿಂದೆ ಕರೆದರು. “ಅಲ್ಲ ಅಂತಲೇ ಬರೀರಿ ಅಂದಿದ್ದೆ” ಎಂದರು. ಅಷ್ಟೇ.

ಬಲಗಿವಿಯ ಸಂಗತಿ ಕೇಳಿದ ಮೇಲೆ ಡಿಪೋಕ್ಕೆ ರಾಚಪ್ಪನವರೇ ತಿಳಿಸಿದರು. ಸ್ಟೇರಿಂಗ್ ಹೋಯಿತು. ಬೇರೆ ಕೆಲಸ ಸಿಗುವವರೆಗೆ ಮನೆಯಲ್ಲಿ ಕುಳಿತರು. ಒಮ್ಮೆ ನೋಡಲು ಹೋದಾಗ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಏಳುವಾಗ ಒಂದೇ ಮಾತು ಹೇಳಿದರು. “ಗಾಂಜಾ ಮದ್ದಲ್ಲ ಅಂತ ಬರ್ದ್ರಿ. ಮದ್ದು ಯಾವುದು ಅಂತ ಬರೀಲಿಲ್ಲ ನೀವು.”

ಡೆಸ್ಕಿನಲ್ಲಿ ಒಂದು ನಿಯಮ ಬಂತು: ಆರೋಗ್ಯ ಪುಟದಲ್ಲಿ ಪ್ರಶ್ನೆಯ ತಲೆಬರಹ ಇಲ್ಲ. ದೇಶಮುಖ ಸರ್ ನಿವೃತ್ತರಾಗುವವರೆಗೂ ಅದು ನಡೆಯಿತು. ಅವರೂ ಕಿವಿ ತೋರಿಸಿಕೊಂಡರು. ಈಗ ಕಲಬುರಗಿಯ ಅವರ ಮನೆಯಲ್ಲಿ ರೇಡಿಯೊ ಸಣ್ಣಗೆ ಹಾಡುತ್ತಲೇ ಇರುತ್ತದೆ. ಹೊಸ ಡೆಸ್ಕಿನಲ್ಲಿ ಎಲ್ಲರೂ ಒಂದೇ ಅಕ್ಷರ ಬಳಸುತ್ತಾರೆ, ಚಿಹ್ನೆ ಉದುರುವುದಿಲ್ಲ. ಪ್ರಶ್ನೆಯ ತಲೆಬರಹಗಳು ಮರಳಿ ಬಂದಿವೆ, ಫೋನಿನಲ್ಲಿ ಅವೇ ಹೆಚ್ಚು ಓಡುತ್ತವಂತೆ. ನನ್ನನ್ನು ಕೇಳುವ ಹೊಸಬರಿಗೆ ನಾನು ಹೇಳುವುದು ಇಷ್ಟು: ತಲೆಬರಹವನ್ನು ಕಳಿಸುವ ಮೊದಲು ಚಿಹ್ನೆ ತೆಗೆದು ಒಮ್ಮೆ ಜೋರಾಗಿ ಓದಿ. ಆಗ ಅದು ಏನು ಹೇಳುತ್ತದೋ ಅದನ್ನು ಯಾರೋ ನಂಬುತ್ತಾರೆ.

ಎಣ್ಣೆಯ ಜಾಹೀರಾತುಗಳು ಈಗಲೂ ಬರುತ್ತವೆ. ಇದನ್ನು ಬರೆಯುವ ಮೊದಲು ಡಾ. ಫಾತಿಮಾ ಅವರಿಗೆ ಫೋನ್ ಮಾಡಿ ಅದೇ ಪ್ರಶ್ನೆ ಕೇಳಿದೆ. ಮೊರೆತ ತಗ್ಗಿಸುತ್ತದೆ ಎನ್ನಲು ನಂಬಬಹುದಾದ ಪುರಾವೆ ಇಂದಿಗೂ ಇಲ್ಲ ಎಂದರು.

ರಾಚಪ್ಪನವರು ಈಗ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕುಳಿತು ಬಸ್ಸುಗಳ ಹೆಸರು ಕೂಗುತ್ತಾರೆ. ಎಡಗಿವಿಯಲ್ಲಿ ಯಂತ್ರವಿದೆ. ಮೊರೆತ ನಿಂತಿಲ್ಲ. ಕಳೆದ ವಾರ ನಾನು ಅಲ್ಲಿದ್ದಾಗ ರಾಯಚೂರು ಬಸ್ಸನ್ನು ತೆಲುಗಿನಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ, ಕನ್ನಡದಲ್ಲಿ ಎರಡು ಸಲ ಕೂಗಿದರು.